ಉದ್ಯಮಬಾಗದ ನಾಲ್ಕು ಕಂಪ್ಯೂಟರ್‌ಗಳಿಗೆ ನಾನು ಓಎಸ್ (ಆಪರೇಟಿಂಗ್ ಸಿಸ್ಟಂ) ಆರಿಸಿದ ಬಗೆ

2023ರ ಜುಲೈ. ಬೆಳಗಾವಿಯಲ್ಲಿ ಮಳೆ ಹಿಡಿದರೆ ಹಗಲು ರಾತ್ರಿ ಬಿಡುವುದಿಲ್ಲ. ಶೆಡ್ಡಿನ ತಗಡಿನ ಮೇಲೆ ಬೀಳುವ ಸಪ್ಪಳಕ್ಕೆ ಮಗ್ಗುಲಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅಂಥ ಒಂದು ಮುಂಜಾನೆ ನಮ್ಮ ಆಪರೇಟರ್ ಹತ್ತಿರ ಬಂದು, "ಮಷಿನ್ ಚಾಲೂ ಆಗವಲ್ದುರಿ, ಸ್ಕ್ರೀನ್ ಕರ್ರಗ ಐತಿ" ಅಂದ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಫೌಂಡ್ರಿಗಳಿಂದ ಬರುವ ಬೀಡಿನ ಎರಕಗಳನ್ನು ಮಿಲ್ಲಿಂಗ್ ಮಾಡಿ ಕೊಡುವುದು, ಹೈಡ್ರಾಲಿಕ್ ವಾಲ್ವ್ ಬಾಡಿ, ಬೇರಿಂಗ್ ಹೌಸಿಂಗ್, ಇಂಥ ಜಾಬ್ ವರ್ಕ್. ಹಳೆಯ ಮಿಲ್ಲಿಂಗ್ ಮಷಿನ್ನಿನ ಕಂಟ್ರೋಲರ್ ಕೈಕೊಟ್ಟಾಗ, 2017ರಲ್ಲಿ ಅದನ್ನು ಕಿತ್ತು ಒಂದು ಸಾದಾ ಕಂಪ್ಯೂಟರಿನಲ್ಲಿ ಮಷಿನ್ ನಡೆಸುವ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶ ಕೂಡಿಸಿದ್ದೆ. ಆರು ವರ್ಷ ತಕರಾರಿಲ್ಲದೆ ಓಡಿತ್ತು. ಆ ಮುಂಜಾನೆ ಮದರ್‌ಬೋರ್ಡ್ ಸತ್ತಿತ್ತು.

ಬೋರ್ಡ್ ಬದಲಿಸಿದರೆ ಮುಗಿಯಿತು ಅಂದುಕೊಂಡೆ. ಸೆಕೆಂಡ್ ಹ್ಯಾಂಡ್ ಬೋರ್ಡ್ ತಂದೆ, ಕಪಾಟಿನಲ್ಲಿಟ್ಟಿದ್ದ ಹಳೆಯ ಸಿಡಿಯಿಂದಲೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ಅದು ಡೆಬಿಯನ್ ಎಂಬ ಲಿನಕ್ಸ್ ಓಎಸ್‌ನ 7ನೇ ಬಿಡುಗಡೆ, ಹೆಸರು ವ್ಹೀಜಿ; ಒಳಗೆ 3.4 ಕರ್ನೆಲ್ (ಓಎಸ್‌ನ ತಿರುಳು), ಅದಕ್ಕೆ ಸಮಯ ತಪ್ಪದಂತೆ ಕೆಲಸ ಮಾಡಿಸುವ ಆರ್‌ಟಿಎಐ ಸೇರಿಸಿತ್ತು. ಹೊಸ ಬೋರ್ಡಿನ ನೆಟ್‌ವರ್ಕ್ ಪೋರ್ಟನ್ನು ಆ ಕರ್ನೆಲ್ ಗುರುತಿಸಲೇ ಇಲ್ಲ. ಯುಎಸ್‌ಬಿ ಅಡಾಪ್ಟರ್ ಹಾಕಿ ಇಂಟರ್‌ನೆಟ್ ಹಿಡಿದು, ಡ್ರೈವರ್ ಕಂಪೈಲ್ ಮಾಡಲು ಬೇಕಾದ ಪ್ಯಾಕೇಜು (ಓಎಸ್‌ನವರು ಕಟ್ಟಿಕೊಡುವ ತಂತ್ರಾಂಶದ ಗಂಟು) ಕೇಳಿದರೆ ಸಾಲು ಸಾಲಾಗಿ 404, ಅಂದರೆ "ಕಡತ ಇಲ್ಲ". ವ್ಹೀಜಿ ಬಂದದ್ದು 2013ರ ಮೇನಲ್ಲಿ; ಅದರ ದೀರ್ಘಾವಧಿ ಬೆಂಬಲ 2018ರ ಮೇಗೆ ಮುಗಿದಿತ್ತು; 2019ರಲ್ಲಿ ಅದರ ಪ್ಯಾಕೇಜುಗಳನ್ನು ಸಾಮಾನ್ಯ ಮಿರರ್‌ಗಳಿಂದ (ನಕಲು ಸರ್ವರ್‌ಗಳಿಂದ) ತೆಗೆದು ಡೆಬಿಯನ್ನಿನ ಹಳೆಯ ದಾಸ್ತಾನಿಗೆ ಸಾಗಿಸಿದ್ದರು. ವಿಳಾಸ ಬದಲಿಸಿ ಅಲ್ಲಿಗೆ ಹೋದೆ. ಪ್ಯಾಕೇಜು ಅಸಲಿ ಎಂದು ಖಾತ್ರಿಪಡಿಸುವ ಸಹಿಯ ಕೀಲಿಯ ಅವಧಿ ಮುಗಿದಿದೆ ಎಂಬ ಎಚ್ಚರಿಕೆ ಬಂತು. ಹೀಗೆ ಮೂರು ದಿನ ಹೋದವು. ಎರಕಗಳು ಬಾಗಿಲವರೆಗೂ ಪೇರಿಸಿದ್ದವು.

ಆರು ವರ್ಷ ಆ ಕಂಪ್ಯೂಟರನ್ನು ನಾನು "ಸ್ಟೇಬಲ್" ಅಂತಲೇ ಎಲ್ಲರಿಗೂ ಹೇಳುತ್ತಿದ್ದೆ. ಅದನ್ನು ಯಾರೂ ಮುಟ್ಟಿರಲಿಲ್ಲ, ಅಷ್ಟೇ. ಮೇಲಿನ ಹಲಗೆ ನೆಟ್ಟಗಿತ್ತು, ಕೆಳಗಿನ ತೊಲೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಪ್ಯಾಕೇಜು ಬದಲಾಗದಿರುವುದು ಒಂದು ಗುಣ. ಬೇಕಾದ ದಿನ ಅದು ಕೈಗೆ ಸಿಗುವುದು ಬೇರೆಯೇ ಗುಣ. ಎರಡನ್ನೂ ನಾನು ಒಂದೇ ಹೆಸರಿನಿಂದ ಕರೆಯುತ್ತಿದ್ದೆ.

ನಾಲ್ಕನೇ ದಿನ ಒಂದು ಇನ್ನೂರು ಪುಟದ ವಹಿ ತಗೊಂಡು ಕೂತೆ. ವರ್ಕ್‌ಶಾಪಿನಲ್ಲಿ ಕಂಪ್ಯೂಟರ್‌ಗಳು ನಾಲ್ಕು: ಮಷಿನ್ನಿಗೆ ಅಂಟಿಕೊಂಡದ್ದು ಒಂದು, ಡ್ರಾಯಿಂಗ್ ಮಾಡುವುದು ಒಂದು, ಆಫೀಸಿನದು ಒಂದು, ಕಡತಗಳ ಸರ್ವರ್ ಒಂದು. ಓಎಸ್‌ಗಳ ಹೆಸರು ಬರೆಯುವ ಮೊದಲು ಪ್ರತಿ ಕಂಪ್ಯೂಟರಿಗೆ ನಿಜವಾಗಿ ಬೇಕಾದ ಪ್ಯಾಕೇಜುಗಳ ಹೆಸರು ಬರೆದೆ. ಎಲ್ಲ ಸೇರಿ 31 ಆದವು. ಪ್ರತಿಯೊಂದರ ಮುಂದೆ ನಾಲ್ಕು ಕಂಬ ಎಳೆದೆ: ಈ ಓಎಸ್‌ನಲ್ಲಿ ಇದರ ಹೆಸರೇನು, ಆವೃತ್ತಿ ಯಾವುದು, ಯಾರು ನೋಡಿಕೊಳ್ಳುತ್ತಾರೆ, ಅಪ್‌ಡೇಟ್ ಮಾಡಿದರೆ ಏನು ಬದಲಾಗುತ್ತದೆ.

ಮೊದಲಾಗಿದ್ದರೆ ಯಾವುದರಲ್ಲಿ ಹೆಚ್ಚು ಪ್ಯಾಕೇಜು ಇವೆ ಅಂತ ಕೇಳುತ್ತಿದ್ದೆ. 2023ರ ಜೂನ್ 10ರಂದು ಬಂದ ಡೆಬಿಯನ್ 12ರಲ್ಲಿ 64,419 ಪ್ಯಾಕೇಜುಗಳಿದ್ದವು. ಆದರೆ ಅದೇ ಬಿಡುಗಡೆಯ ಪ್ರಕಟಣೆಯಲ್ಲಿ ಇನ್ನೊಂದು ಅಂಕಿಯೂ ಇತ್ತು: 6,296 ಪ್ಯಾಕೇಜುಗಳನ್ನು ಹಳತಾದವೆಂದು ತೆಗೆದುಹಾಕಿದ್ದರು. ಎರಡು ವರ್ಷದ ನಂತರ ಡೆಬಿಯನ್ 13 ಬಂದಾಗ ಒಟ್ಟು 69,830 ಆಯಿತು, ತೆಗೆದದ್ದು 8,840ಕ್ಕೂ ಹೆಚ್ಚು. ನನ್ನ 31ರಲ್ಲಿ ಒಂದು ಆ ತೆಗೆದ ಗುಂಪಿನಲ್ಲಿದ್ದರೆ ಉಳಿದ ಅರವತ್ತು ಸಾವಿರ ಇದ್ದು ನನಗೇನು ಪ್ರಯೋಜನ? ಅಂದಿನಿಂದ ಹೊಸ ಬಿಡುಗಡೆ ಬಂದಾಗಲೆಲ್ಲ ನಾನು ಮೊದಲು ಓದುವುದು ಹೊರಹೋದವುಗಳ ಲೆಕ್ಕ.

ಒಂದೇ ವಸ್ತು ಒಂದೊಂದು ಕಡೆ ಒಂದೊಂದು ಹೆಸರು ಹೊತ್ತಿರುತ್ತದೆ ಎಂಬುದೂ ಆ ವಹಿಯಿಂದಲೇ ಚೆನ್ನಾಗಿ ತಿಳಿಯಿತು. ಸ್ಕ್ಯಾನ್ ಮಾಡಿದ ಕನ್ನಡ ಕಾಗದವನ್ನು ಅಕ್ಷರವಾಗಿ ಓದುವ ಟೆಸೆರ್ಯಾಕ್ಟ್ ಎಂಬ ತಂತ್ರಾಂಶವಿದೆ. ಅದರ ಕನ್ನಡ ದತ್ತಾಂಶ ಡೆಬಿಯನ್ನಿನಲ್ಲಿ 'ಟೆಸೆರ್ಯಾಕ್ಟ್-ಒಸಿಆರ್-ಕನ್', ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಓಎಸ್‌ನಲ್ಲಿ 'ಟೆಸೆರ್ಯಾಕ್ಟ್-ಲ್ಯಾಂಗ್‌ಪ್ಯಾಕ್-ಕನ್', ಆರ್ಚ್ ಎಂಬ ಮತ್ತೊಂದರಲ್ಲಿ 'ಟೆಸೆರ್ಯಾಕ್ಟ್-ಡೇಟಾ-ಕನ್'. ಒಂದು ಹೆಸರು ಹಾಕಿ ಹುಡುಕಿ, ಸಿಗದೆ, "ಈ ಓಎಸ್‌ನಲ್ಲಿ ಇಲ್ಲ" ಅಂತ ತೀರ್ಮಾನಿಸಿ ಕೈಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಹೆಸರುಗಳನ್ನು ಜೋಡಿಸಿ ತೋರಿಸುವ ರಿಪಾಲಜಿ ಎಂಬ ಜಾಲತಾಣ ನನಗೆ ಇಲ್ಲಿ ಬಹಳ ನೆರವಾಯಿತು. ಆದರೂ ಕೊನೆಯ ಎರಡು ಕಂಬಗಳನ್ನು ನಾವೇ ತುಂಬಬೇಕು.

ಮಷಿನ್ನಿನ ಕಂಪ್ಯೂಟರ್ ಮೊದಲ ಸರದಿ. ಲಿನಕ್ಸ್‌ಸಿಎನ್‌ಸಿಗೆ ಬರೀ ಪ್ಯಾಕೇಜು ಇದ್ದರೆ ಸಾಲದು, ರಿಯಲ್‌ಟೈಮ್ ಕರ್ನೆಲ್ ಬೇಕು. ಕಟರ್ ಬೀಡಿನೊಳಗೆ ಇಳಿದಿರುವಾಗ ಕಂಪ್ಯೂಟರ್ ಬೇರೆ ಕೆಲಸಕ್ಕೆ ತಿರುಗಿ ಸಿಗ್ನಲ್ ತಡಮಾಡಿದರೆ ಮೋಟಾರ್ ಹೆಜ್ಜೆ ತಪ್ಪುತ್ತದೆ, ಜಾಬ್ ಹಾಳಾಗುತ್ತದೆ. ಈ ಕೆಲಸಕ್ಕೆ ಫ್ರೀಬಿಎಸ್‌ಡಿ ಎಂಬ ಓಎಸ್ ಲೆಕ್ಕಕ್ಕೇ ಬರಲಿಲ್ಲ, ಅದರೊಳಗಿನದು ಲಿನಕ್ಸ್ ಕರ್ನೆಲ್ ಅಲ್ಲ. ಆರ್ಚ್‌ನಲ್ಲಿ ಲಿನಕ್ಸ್‌ಸಿಎನ್‌ಸಿ ಸಿಗುವುದು ಎಯುಆರ್‌ನಲ್ಲಿ, ಅಂದರೆ ಬಳಕೆದಾರರೇ ಬರೆದು ಹಾಕಿದ ಕಟ್ಟುವ ಸೂಚನೆಗಳ ರಾಶಿಯಲ್ಲಿ. ಉಬುಂಟು ಎಂಬ ಲಿನಕ್ಸ್ ಓಎಸ್‌ನಲ್ಲಿ ಅದು ಸಮುದಾಯ ನೋಡಿಕೊಳ್ಳುವ ಯೂನಿವರ್ಸ್ ವಿಭಾಗದಲ್ಲಿದೆ, ಆದರೆ ಅವರ ರಿಯಲ್‌ಟೈಮ್ ಕರ್ನೆಲ್ ಬೇಕಾದರೆ ಪ್ರೊ ಎಂಬ ಚಂದಾ ಸೇವೆಗೆ ಸೇರಬೇಕಿತ್ತು. ಡೆಬಿಯನ್ 12ರಲ್ಲಿ ಮಾತ್ರ ಎರಡೂ ಅಧಿಕೃತ ಭಂಡಾರದಲ್ಲೇ ಇದ್ದವು. ಲಿನಕ್ಸ್‌ಸಿಎನ್‌ಸಿ ಡೆಬಿಯನ್ನಿನ ಸ್ಟೇಬಲ್ ಬಿಡುಗಡೆಗೆ ಸೇರಿದ್ದು ಆಗಲೇ ಮೊದಲು. ನನಗೆ ಅದು ಹಬ್ಬದಂಥ ಸುದ್ದಿ.

ಆದರೆ ಭಂಡಾರದಲ್ಲಿದ್ದ ಆವೃತ್ತಿ 2.9.0ರ ಬಿಡುಗಡೆಪೂರ್ವ ರೂಪ. ಡೆಬಿಯನ್ ಫ್ರೀಜ್ ಆದ ಹೊತ್ತಿಗೆ 2.9 ಇನ್ನೂ ಮುಗಿದಿರಲಿಲ್ಲ, ಫ್ರೀಜ್ ಆದಮೇಲೆ ಹೊಸದನ್ನು ಒಳಗೆ ಬಿಡುವುದಿಲ್ಲ. ಸ್ಟೇಬಲ್ ಎಂಬ ಪದಕ್ಕೆ ಡೆಬಿಯನ್ ಕೊಡುವ ಅರ್ಥ "ದೋಷವಿಲ್ಲದ್ದು" ಅಲ್ಲ, "ಬಿಡುಗಡೆಯ ದಿನ ಹೇಗಿತ್ತೋ ಹಾಗೇ ಇರುವಂಥದ್ದು". ಇದ್ದ ದೋಷವೂ ಹಾಗೇ ಇರಬಹುದು. ಭದ್ರತೆಯ ತಿದ್ದುಪಡಿ ಮತ್ತು ಗಂಭೀರ ದೋಷಗಳ ರಿಪೇರಿ ಮಾತ್ರ ಒಳಗೆ ಬರುತ್ತವೆ. ಆದ್ದರಿಂದ ಅಡಿಪಾಯವನ್ನೆಲ್ಲ ಡೆಬಿಯನ್ 12ರಿಂದ ತೆಗೆದುಕೊಂಡೆ. ಮುಂದೆ 2.9ರ ಪೂರ್ಣ ಆವೃತ್ತಿ ಬಂದಾಗ ಲಿನಕ್ಸ್‌ಸಿಎನ್‌ಸಿ ಒಂದನ್ನು ಮಾತ್ರ ಅದರ ಯೋಜನೆಯವರ ಸ್ವಂತ ಭಂಡಾರದಿಂದ ಹಾಕಿ, 'ಆಪ್ಟ್-ಮಾರ್ಕ್ ಹೋಲ್ಡ್' ಆಜ್ಞೆಯಿಂದ ಅದನ್ನೂ ಕರ್ನೆಲ್ಲನ್ನೂ ಅಪ್‌ಡೇಟ್ ಆಗದಂತೆ ಕಟ್ಟಿಹಾಕಿದೆ. ಹೊರಗಿನ ಭಂಡಾರ ಒಂದೇ ಒಂದು, ಅದೂ ಆ ತಂತ್ರಾಂಶ ಬರೆದವರದ್ದೇ. ಎರಡನೆಯದು ಸೇರಿಸುವ ಪ್ರಸಂಗ ಬಂದರೆ ಆರಿಸಿದ ಓಎಸ್ಸೇ ತಪ್ಪು ಎಂದು ನಾನು ತಿಳಿಯುತ್ತೇನೆ.

ನಂತರದ ಪರೀಕ್ಷೆ ಲೇಟೆನ್ಸಿಯದು, ಅಂದರೆ ಸಿಗ್ನಲ್ ಎಷ್ಟು ತಡವಾಗುತ್ತದೆ ಎಂಬುದರದು. ಲಿನಕ್ಸ್‌ಸಿಎನ್‌ಸಿ ಜೊತೆಗೇ ಬರುವ ಲೇಟೆನ್ಸಿ-ಟೆಸ್ಟ್ ಚಾಲೂ ಮಾಡಿ, ಜೊತೆಗೆ ವಿಡಿಯೋ ಓಡಿಸಿ, ದೊಡ್ಡ ಕಡತಗಳನ್ನು ನಕಲು ಮಾಡಿ, ಕಂಪ್ಯೂಟರಿಗೆ ಬೇಕೆಂದೇ ಕಾಟ ಕೊಡಬೇಕು. ಪ್ಯಾರಲಲ್ ಪೋರ್ಟಿನಿಂದ ನೇರವಾಗಿ ಸ್ಟೆಪ್ ಸಿಗ್ನಲ್ (ಮೋಟಾರಿನ ಒಂದೊಂದು ಹೆಜ್ಜೆಯ ಆಜ್ಞೆ) ಕೊಡುವುದಾದರೆ ತಡ 15ರಿಂದ 20 ಮೈಕ್ರೊಸೆಕೆಂಡ್ ಒಳಗಿದ್ದರೆ ಒಳ್ಳೆಯದು, 100 ದಾಟಿದರೆ ಆ ಕಂಪ್ಯೂಟರ್ ಈ ಕೆಲಸಕ್ಕೆ ಬಾರದು. ಹಳೆಯ ಆರ್‌ಟಿಎಐ ಕರ್ನೆಲ್ಲಿನಲ್ಲಿ ನನಗೆ 12ರ ಆಸುಪಾಸು ಬರುತ್ತಿತ್ತು. ಪ್ರೀಎಂಪ್ಟ್-ಆರ್‌ಟಿ ಎಂಬ ಹೊಸ ರಿಯಲ್‌ಟೈಮ್ ಕರ್ನೆಲ್ಲಿನಲ್ಲಿ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿದರೆ 60ರ ಹತ್ತಿರ. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ವಿದ್ಯುತ್ ಉಳಿಸುವ ಆಯ್ಕೆಗಳನ್ನೆಲ್ಲ ಬಂದ್ ಮಾಡಿ, ಪ್ರೊಸೆಸರಿನ ಒಂದು ಕೋರನ್ನು ಬೇರ್ಪಡಿಸಿ ಇಟ್ಟ ಮೇಲೆ 40ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಬರಲಿಲ್ಲ. ಕೊನೆಗೆ ಸ್ಟೆಪ್ ಸಿಗ್ನಲ್ ತಾನೇ ತಯಾರಿಸುವ ಮೇಸಾ ಕಂಪನಿಯ ಈಥರ್ನೆಟ್ ಕಾರ್ಡ್ ತರಿಸಿದೆ. ಈಗ ಕಂಪ್ಯೂಟರ್ ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಒಪ್ಪಿಸಿದರೆ ಸಾಕು. ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣವಿದೆ: ಭಂಡಾರದಲ್ಲಿ ಪ್ಯಾಕೇಜು "ಇದೆ" ಅನ್ನುವುದಕ್ಕೂ, ಅದು ನಮ್ಮ ಮಷಿನ್ ಮೇಲೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ನಡುವೆ ನನಗೆ ಹದಿನೆಂಟು ದಿನ ಹಿಡಿದವು.

ಡ್ರಾಯಿಂಗ್ ಕಂಪ್ಯೂಟರಿನ ಬೇಡಿಕೆ ಇದಕ್ಕೆ ತದ್ವಿರುದ್ಧ. ಅಲ್ಲಿ ನನ್ನ ಬದುಕು ಫ್ರೀಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶದ ಮೇಲೆ ನಿಂತಿದೆ. ಡೆಬಿಯನ್ 12ರಲ್ಲಿದ್ದದ್ದು 0.20. ಹಳೆಯ ಫ್ರೀಕ್ಯಾಡ್‌ನಲ್ಲಿ ಒಂದು ತೂತಿನ ಅಳತೆ ತಿದ್ದಿದರೆ ಅದರ ಮೇಲೆ ಕಟ್ಟಿದ ಮುಂದಿನ ಹಂತಗಳು ಬೇರೆ ಮುಖಕ್ಕೆ ಹಾರಿಬಿಡುತ್ತಿದ್ದವು. ಮುಖಗಳಿಗೆ ಅದು ಕೊಡುವ ಆಂತರಿಕ ಹೆಸರು ಬದಲಾಗುವುದೇ ಅದಕ್ಕೆ ಕಾರಣ. ವಾಲ್ವ್ ಬಾಡಿಯಂಥ, ಹತ್ತಾರು ಅಡ್ಡ ಉದ್ದ ತೂತುಗಳಿರುವ ಭಾಗಕ್ಕೆ ಇದು ದಿನದಿನದ ಸಂಕಟ. ಇದಕ್ಕೆ ದೊಡ್ಡ ಮಟ್ಟದ ಪರಿಹಾರ ಬಂದದ್ದು 2024ರ ನವೆಂಬರಿನ 1.0ರಲ್ಲಿ. ಹೀಗಾಗಿ ಇಲ್ಲಿ ಹೊಸದೇ ಬೇಕಿತ್ತು.

ಮೊದಲು ಈ ಕಂಪ್ಯೂಟರನ್ನು ಡೆಬಿಯನ್ ಟೆಸ್ಟಿಂಗ್‌ಗೆ, ಅಂದರೆ ಮುಂದಿನ ಬಿಡುಗಡೆ ತಯಾರಾಗುವ ಶಾಖೆಗೆ, ಏರಿಸಿದ್ದೆ. ಅನ್‌ಸ್ಟೇಬಲ್ ಶಾಖೆಗೆ ಬಂದ ಪ್ಯಾಕೇಜು ಸಾಮಾನ್ಯವಾಗಿ ಕೆಲವು ದಿನ ಕಾದು, ಗಂಭೀರ ದೋಷ ಹೊಸದಾಗಿ ಕಾಣದಿದ್ದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಜರಡಿ ಹಿಡಿದದ್ದು ಎಂಬ ಧೈರ್ಯ ನನಗಿತ್ತು. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಸುದ್ದಿ ಬಂತು. ಆ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1ರೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದರು. ದೂರದಿಂದ ಕಂಪ್ಯೂಟರಿನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಕಂಡು ಬೆನ್ನುಹತ್ತಿ ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಾಂಶ ಎಂಜಿನಿಯರ್. ಸಂಜೆ ಕೈಕಾಲು ನಡುಗುತ್ತ ಆವೃತ್ತಿ ನೋಡಿದೆ: 5.6.1. ನಮ್ಮ ಎಸ್‌ಎಸ್‌ಎಚ್ ಹೊರಜಗತ್ತಿಗೆ ತೆರೆದಿರಲಿಲ್ಲ, ಅದಷ್ಟೇ ಸಮಾಧಾನ. ಡೆಬಿಯನ್ ಹಳೆಯ ಆವೃತ್ತಿಗೆ ಮರಳಿಸಿ ಕೊಟ್ಟ ಪ್ಯಾಕೇಜಿನ ಹೆಸರು '5.6.1+ರಿಯಲಿ5.4.5' ಎಂದಿತ್ತು. ಅದನ್ನು ಹಾಕಿಕೊಂಡರೂ ಮನಸ್ಸು ಒಪ್ಪದೆ ಡಿಸ್ಕ್ ಪೂರ್ತಿ ಅಳಿಸಿ ಮತ್ತೆ ಕಟ್ಟಿದೆ. ಡೆಬಿಯನ್ 12ರಲ್ಲಿದ್ದ ಮಷಿನ್ನಿನ ಕಂಪ್ಯೂಟರಿಗೆ, ಆಫೀಸಿನ ಕಂಪ್ಯೂಟರಿಗೆ ಇದರ ಬಿಸಿ ತಟ್ಟಲಿಲ್ಲ. ಆ ಆವೃತ್ತಿಗಳು ಸ್ಟೇಬಲ್‌ಗೆ ತಲುಪಿರಲೇ ಇಲ್ಲ.

ಇದನ್ನು ಕೇಳಿ ಸ್ಟೇಬಲ್ ಅಂದರೆ ಯಾವಾಗಲೂ ಸುರಕ್ಷಿತ ಅಂದುಕೊಳ್ಳಬಾರದು. ಗೂಢಲಿಪಿಯ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್‌ಗೆ ಡೆಬಿಯನ್ನಿನವರೇ 2006ರಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯಿಂದ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾಗಿದ್ದವು, ಹೊರಬಿದ್ದದ್ದು 2008ರ ಮೇನಲ್ಲಿ. ಅದು ಸ್ಟೇಬಲ್‌ನಲ್ಲೂ ಇತ್ತು. ಆದ್ದರಿಂದಲೇ "ಯಾರು ನೋಡಿಕೊಳ್ಳುತ್ತಾರೆ" ಎಂಬ ಕಂಬದಲ್ಲಿ, ಮೂಲ ಕೋಡಿಗೆ ಡಿಸ್ಟ್ರೊದವರು (ಓಎಸ್ ಕಟ್ಟಿ ಹಂಚುವವರು) ಎಷ್ಟು ಕೈಹಚ್ಚುತ್ತಾರೆ ಎಂಬುದನ್ನೂ ಬರೆಯತೊಡಗಿದೆ. ಆರ್ಚ್‌ನವರು ಬಹಳ ಕಡಿಮೆ ಕೈಹಚ್ಚುತ್ತಾರೆ. ಅದು ಅವರ ಘೋಷಿತ ನೀತಿ.

ಫ್ರೀಕ್ಯಾಡ್ 1.0 ಬಂದಾಗ ಆರ್ಚ್‌ಗೆ ಹೋದೆ. ಅಧಿಕೃತ ಭಂಡಾರದಲ್ಲೇ ಬೇಗ ಬಂದಿತ್ತು. ಮೊದಲ ತಿಂಗಳು ಸುಖವಾಗಿ ಕಳೆಯಿತು. ಆಮೇಲೆ ಒಂದು ದಿನ, ಕೊಲ್ಹಾಪುರದ ಗಿರಾಕಿಗೆ ಮಧ್ಯಾಹ್ನದೊಳಗೆ ಡ್ರಾಯಿಂಗ್ ಕಳಿಸಬೇಕಾದ ಗಡಿಬಿಡಿಯಲ್ಲಿ, ಪ್ಯಾಕೇಜುಗಳ ಪಟ್ಟಿಯನ್ನು ಹೊಸದು ಮಾಡಿ ಫ್ರೀಕ್ಯಾಡ್ ಒಂದನ್ನೇ ಏರಿಸಿದೆ. ಉಳಿದ ವ್ಯವಸ್ಥೆಯನ್ನು ಏರಿಸಲಿಲ್ಲ. ಹೊಸ ಫ್ರೀಕ್ಯಾಡ್ ಹೊಸ ಲೈಬ್ರರಿಗಳ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕೋಡು) ಮೇಲೆ ಕಟ್ಟಿದ್ದು, ನನ್ನ ಡಿಸ್ಕಿನಲ್ಲಿದ್ದವು ಹಳೆಯವು. ಲೈಬ್ರರಿ ಸಿಗುತ್ತಿಲ್ಲ ಎಂಬ ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಅರ್ಧಂಬರ್ಧ ಅಪ್‌ಡೇಟ್‌ಗೆ ಬೆಂಬಲವಿಲ್ಲ ಎಂದು ಆರ್ಚ್‌ನ ಕೈಪಿಡಿಯಲ್ಲಿ ಸ್ಪಷ್ಟವಾಗಿದೆ. ತಪ್ಪು ಪೂರ್ತಿ ನನ್ನದು. ಎಲ್ಲವನ್ನೂ ಏರಿಸಿದ ಮೇಲೆ ಸರಿಹೋಯಿತು, ಆದರೆ ಆ ಡೌನ್‌ಲೋಡ್ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ರೋಲಿಂಗ್ ಡಿಸ್ಟ್ರೊ, ಅಂದರೆ ಆರ್ಚ್‌ನಂತೆ ಸದಾ ಹೊಸದಾಗುತ್ತಲೇ ಇರುವ ಓಎಸ್, ಇಟ್ಟುಕೊಳ್ಳುವವರು ಅದಕ್ಕೆ ವಾರದಲ್ಲಿ ಒಂದು ಹೊತ್ತು ಮೀಸಲಿಡಬೇಕು. ನಾನು ಶನಿವಾರ ಸಂಜೆ ಇಟ್ಟುಕೊಂಡೆ: ಮೊದಲು ಆರ್ಚ್‌ನ ಸುದ್ದಿ ಓದುವುದು, ಆಮೇಲೆ ಪೂರ್ತಿ ಅಪ್‌ಡೇಟ್, ಆಮೇಲೆ ಒಂದು ಹಳೆಯ ವಾಲ್ವ್ ಬಾಡಿಯ ಕಡತ ತೆರೆದು ಅಳತೆ ನೋಡುವುದು. ಈ ಶಿಸ್ತಿನಲ್ಲಿ ಎಂಟು ತಿಂಗಳು ಒಮ್ಮೆಯೂ ಕೆಲಸ ನಿಲ್ಲಲಿಲ್ಲ. ಎಯುಆರ್ ಮಾತ್ರ ಮುಟ್ಟಲಿಲ್ಲ. 2025ರ ಜುಲೈನಲ್ಲಿ ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳ ಹೆಸರು ಅಂಟಿಸಿಕೊಂಡ ಪ್ಯಾಕೇಜುಗಳಲ್ಲಿ ದೂರದಿಂದ ಕಂಪ್ಯೂಟರ್ ಹಿಡಿತಕ್ಕೆ ತೆಗೆದುಕೊಳ್ಳುವ ಕುತಂತ್ರಾಂಶ ಅಲ್ಲಿ ಸಿಕ್ಕಿತ್ತು.

ನಡುವೆ ಬೇರೆ ಡಿಸ್ಕಿನಲ್ಲಿ ಫೆಡೋರಾವನ್ನೂ ಕೆಲವು ವಾರ ಇಟ್ಟು ನೋಡಿದೆ. ಅಚ್ಚುಕಟ್ಟಾದ ವ್ಯವಸ್ಥೆ; ಆದರೆ ಒಂದು ಬಿಡುಗಡೆಗೆ ಸುಮಾರು 13 ತಿಂಗಳ ಆಯುಷ್ಯ. ಓಪನ್‌ಸುಸೆ ಟಂಬಲ್‌ವೀಡ್ ಎಂಬ ರೋಲಿಂಗ್ ಡಿಸ್ಟ್ರೊ ನನಗೆ ಬಹಳ ಹಿಡಿಸಿತು. ಪ್ರತಿ ಹೊಸ ಸಂಗ್ರಹವನ್ನು ಓಪನ್‌ಕ್ಯೂಎ ಎಂಬ ಸ್ವಯಂಚಾಲಿತ ಪರೀಕ್ಷೆಯ ಯಂತ್ರಗಳು ಬೂಟ್ ಮಾಡಿ, ತೆರೆದು ನೋಡಿದ ಮೇಲೇ ಬಿಡುತ್ತಾರೆ. ಕೆಟ್ಟರೆ ಸ್ನ್ಯಾಪರ್ ಎಂಬ ಸಾಧನದಿಂದ ನಿನ್ನೆಯ ಸ್ಥಿತಿಗೆ ಮರಳಬಹುದು. ರೋಲಿಂಗ್ ಬೇಕು, ಭಯವೂ ಇದೆ ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಆಫೀಸಿನ ಕಂಪ್ಯೂಟರಿನ ಕಥೆ ಬೇರೆ. ಅಲ್ಲಿ ಸರ್ಕಾರಿ ಕಾಗದ ಕನ್ನಡದಲ್ಲಿ, ಗಡಿಯಾಚೆಯ ಗಿರಾಕಿಗಳಿಗೆ ಪತ್ರ ಮರಾಠಿಯಲ್ಲಿ, ಚಲನ್ ಇಂಗ್ಲಿಷಿನಲ್ಲಿ. ಬೇಕಾದದ್ದು ಲಿಬ್ರೆಆಫೀಸ್, ಎರಡೂ ಲಿಪಿಯ ಅಕ್ಷರಗಳು, ಟೈಪಿಂಗ್ ವಿಧಾನ, ಕಾಗುಣಿತ ಪರೀಕ್ಷಕ. ಡೆಬಿಯನ್ನಿನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಎಂಬ ಒಂದೇ ಪ್ಯಾಕೇಜು ಕೇಳಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಫಾಂಟುಗಳು ಬರುತ್ತವೆ. ಟೈಪಿಂಗಿಗೆ ಐಬಸ್ ಜೊತೆ ಎಂ17ಎನ್ ಹಾಕಿದರೆ ಕೆ.ಪಿ. ರಾವ್ ವಿನ್ಯಾಸ ಮೂಲದ, ಕಚೇರಿಗಳಲ್ಲಿ ಎಲ್ಲರ ಬೆರಳಿಗೆ ರೂಢಿಯಾದ ಕೆಜಿಪಿ ಕೀಲಿಮಣೆ ಸಿಗುತ್ತದೆ. ನಮ್ಮ ಆಫೀಸಿನ ಹುಡುಗಿ ಮೊದಲ ದಿನವೇ ಟೈಪ್ ಮಾಡಿದಳು, ಏನೂ ಹೇಳಿಕೊಡಬೇಕಾಗಲಿಲ್ಲ. ಇಲ್ಲಿ ತೊಂದರೆ ಬಂದದ್ದು ಆವೃತ್ತಿಯಿಂದಲ್ಲ. ಆಫೀಸಿನಲ್ಲಿ ಗುಬ್ಬಿಯಲ್ಲಿ ಮಾಡಿದ ಪತ್ರ, ನೋಟೋ ಫಾಂಟ್ ಮಾತ್ರ ಇದ್ದ ಡ್ರಾಯಿಂಗ್ ಕಂಪ್ಯೂಟರಿನಲ್ಲಿ ತೆರೆದಾಗ ಸಾಲುಗಳು ಮುರಿದು ಸಹಿಯ ಜಾಗ ಎರಡನೇ ಪುಟಕ್ಕೆ ಜಾರಿತ್ತು. ಈಗ ಯಾವ ಓಎಸ್ ಇದ್ದರೂ ಒಂದೇ ಅಕ್ಷರಸಂಗ್ರಹ ಎಲ್ಲ ಕಡೆ ಹಾಕುತ್ತೇನೆ. ಅಂಕಿಅಂಶದ ಒಂದು ಸಣ್ಣ ಪೈಥಾನ್ ಬರಹವೂ ಈ ಕಂಪ್ಯೂಟರಿನಲ್ಲಿದೆ. ಡೆಬಿಯನ್ 12ರಿಂದ ಈಚೆಗೆ, ಪೈಥಾನಿನ ಪ್ಯಾಕೇಜು ತರುವ ಪಿಪ್ ಮೂಲಕ ನೇರವಾಗಿ ವ್ಯವಸ್ಥೆಯೊಳಗೆ ಏನನ್ನೂ ಹಾಕಲು ಬಿಡುವುದಿಲ್ಲ. ಮೊದಲು ಕಿರಿಕಿರಿಯಾಯಿತು, ಈಗ ಅದು ಸರಿಯಾದ ಕ್ರಮ ಅನ್ನಿಸುತ್ತದೆ. ವ್ಯವಸ್ಥೆಯ ಪೈಥಾನ್ ವ್ಯವಸ್ಥೆಗೇ ಇರಲಿ.

ಸರ್ವರ್‌ನಲ್ಲಿ ಫ್ರೀಬಿಎಸ್‌ಡಿ ಇದೆ, ಈಗ 14. ಅಲ್ಲಿ ಮೂಲ ವ್ಯವಸ್ಥೆ ಬೇರೆ, ಪ್ಯಾಕೇಜುಗಳು ಬೇರೆ. ಡಿಸ್ಕಿನಲ್ಲಿ ಕಡತಗಳನ್ನು ಇಡುವ ಝಡ್‌ಎಫ್‌ಎಸ್ ವ್ಯವಸ್ಥೆ ಮೂಲದಲ್ಲೇ ಬರುವುದರಿಂದ ಹೊರಗಿನ ಪ್ಯಾಕೇಜು ನನಗೆ ನಾಲ್ಕೇ ಸಾಕು, ಅದರಲ್ಲಿ ಬೇರೆ ಕಂಪ್ಯೂಟರ್‌ಗಳಿಗೆ ಕಡತ ಹಂಚುವ ಸಾಂಬಾ ಮುಖ್ಯ. ಪ್ಯಾಕೇಜುಗಳಿಗೆ ಎರಡು ಶಾಖೆ: ಲೇಟೆಸ್ಟ್ ಮತ್ತು ಮೂರು ತಿಂಗಳಿಗೊಮ್ಮೆ ಕವಲೊಡೆಯುವ ಕ್ವಾರ್ಟರ್ಲಿ. ನಾನಿರುವುದು ಎರಡನೆಯದರಲ್ಲಿ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ವಾರ ಮಾತ್ರ ಎಚ್ಚರದಿಂದಿದ್ದರೆ ಆಯಿತು. ಒಂದು ಸಂಗತಿ ಗೊತ್ತಿರಬೇಕು: ಯಾವುದಾದರೂ ಪೋರ್ಟ್ (ಇಲ್ಲಿ, ಪ್ಯಾಕೇಜು ಕಟ್ಟುವ ಸೂಚನೆಗಳು) ಆ ಸಲ ಕಟ್ಟುವುದರಲ್ಲಿ ಸೋತರೆ ಅದರ ಪ್ಯಾಕೇಜು ಭಂಡಾರದಲ್ಲಿ ಇರುವುದೇ ಇಲ್ಲ, ಅಪ್‌ಗ್ರೇಡ್ ಆಜ್ಞೆ ಇದ್ದದ್ದನ್ನು ತೆಗೆಯಲೂ ಮುಂದಾಗಬಹುದು. ಸಾಂಬಾದ ಹೆಸರಿನಲ್ಲೇ ಆವೃತ್ತಿ ಅಂಟಿರುವುದರಿಂದ ಹಳೆಯದು ನಿವೃತ್ತಿಯಾದಾಗ ನಾವೇ ಹೊಸ ಹೆಸರಿಗೆ ದಾಟಬೇಕು. "ತೆಗೆಯಲಾಗುವುದು" ಎಂಬ ಪಟ್ಟಿಯನ್ನು ಪ್ರತಿ ಸಲ ಬೆರಳಿಟ್ಟು ಓದಿ, ಮೊದಲು 'ಬಿಇಸಿಟಿಎಲ್' ಆಜ್ಞೆಯಿಂದ ಒಂದು ಬೂಟ್ ಪರಿಸರ (ಕೆಟ್ಟರೆ ಮರಳಬಹುದಾದ ವ್ಯವಸ್ಥೆಯ ನಕಲು) ಉಳಿಸಿಕೊಂಡೇ "ಹೂಂ" ಅನ್ನುತ್ತೇನೆ.

2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು, ಫ್ರೀಕ್ಯಾಡ್ 1.0 ಅದರೊಳಗಿತ್ತು. ಸೆಪ್ಟೆಂಬರ್ 6ರಂದು ಅದರ ಮೊದಲ ತಿದ್ದುಪಡಿ 13.1 ಬರುವವರೆಗೆ ಕಾದೆ. ದೀಪಾವಳಿಗೆ ವರ್ಕ್‌ಶಾಪ್ ಬಂದ್ ಇದ್ದ ದಿನಗಳಲ್ಲಿ ಡ್ರಾಯಿಂಗ್ ಕಂಪ್ಯೂಟರನ್ನು ಆರ್ಚ್‌ನಿಂದ ಅದಕ್ಕೆ ತಂದೆ. ಆರ್ಚ್ ಮೇಲೆ ಬೇಸರವೇನಿಲ್ಲ. ನನಗೆ ಬೇಕಿದ್ದ ಹೊಸತನ ಈಗ ಸ್ಟೇಬಲ್‌ನಲ್ಲೇ ಸಿಕ್ಕಿತು, ಶನಿವಾರದ ಸಂಜೆಗಳು ಉಳಿದವು. ಮಷಿನ್ನಿನ ಕಂಪ್ಯೂಟರನ್ನು ಮುಟ್ಟಲಿಲ್ಲ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಆ ದಿನಾಂಕವನ್ನು ಈ ಸಲ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ವರ್ಷ ಖಂಡೇ ಪೂಜೆಗೆ ಮಷಿನ್‌ಗಳನ್ನು ತೊಳೆದು ಕುಂಕುಮ ಹಚ್ಚುವ ಮುಂಚೆ ಆ ಪುಟ ತೆಗೆದು, 31 ಪ್ಯಾಕೇಜುಗಳೂ ಭಂಡಾರದಲ್ಲಿ ಇವೆಯೇ ಎಂದು ಒಂದೊಂದಾಗಿ ಟಿಕ್ ಹಾಕುತ್ತೇನೆ, ಬೇಕಾದ ಪ್ಯಾಕೇಜು ಕಡತಗಳನ್ನೆಲ್ಲ ಸರ್ವರ್‌ನಲ್ಲಿ ನಕಲು ಇಡುತ್ತೇನೆ.

ಈಗ ಒಂದು ಬಿಡಿ ಡಿಸ್ಕಿನಲ್ಲಿ ಡೆಬಿಯನ್ 13 ಹಾಕಿದ್ದೇನೆ. ಅದರ 6.12 ಕರ್ನೆಲ್ಲಿನಲ್ಲಿ ಪ್ರೀಎಂಪ್ಟ್-ಆರ್‌ಟಿ ಮೂಲ ಲಿನಕ್ಸಿಗೇ ಸೇರಿದೆ, ವರ್ಷಾನುಗಟ್ಟಲೆ ಹೊರಗಿನ ತೇಪೆಯಾಗಿದ್ದದ್ದು. ಭಾನುವಾರಗಳಂದು ಆ ಡಿಸ್ಕ್ ಜೋಡಿಸಿ, ಕಟರ್ ಬಿಚ್ಚಿಟ್ಟು, ಲೇಟೆನ್ಸಿ-ಟೆಸ್ಟ್ ಓಡಿಸುತ್ತೇನೆ. ಹೋದ ವಾರದ ಅಂಕಿ 34.